ಬೈಕಿನ ಇಂಡಿಕೇಟರ್‌ಗೆ ಯಾವ ಬಲ್ಬ್ ತರಬೇಕು? ಎಲ್‌ಇಡಿ ಹಾಕಬಹುದಾ?

ಸುಟ್ಟ ಬಲ್ಬನ್ನೇ ಬಿಚ್ಚಿ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಒಯ್ಯಿರಿ, ಅದೇ ಸುಲಭ. ಸಾಮಾನ್ಯವಾಗಿ ಅದರ ಲೋಹದ ಬುಡದ ಮೇಲೇ ವೋಲ್ಟ್, ವ್ಯಾಟ್ ಬರೆದಿರುತ್ತದೆ. ನಮ್ಮಲ್ಲಿ ದಿನಾ ಓಡಾಡುವ ಬೈಕುಗಳಲ್ಲಿ ಹೆಚ್ಚಾಗಿ 12 ವೋಲ್ಟ್, 10 ವ್ಯಾಟ್. ಜಾಸ್ತಿ ಬೆಳಕು ಬರಲಿ ಅಂತ ಆ ಜಾಗಕ್ಕೆ 21 ವ್ಯಾಟ್ ಹಾಕಬೇಡಿ. ಪ್ಲಾಸ್ಟಿಕ್ ಲೆನ್ಸ್ ಬಿಸಿಯಾಗಿ ಕರಗಬಹುದು, ಮಿನುಗುವ ವೇಗವೂ ಕೆಡಬಹುದು.

ಬುಡದ ಪಕ್ಕದ ಎರಡು ಪುಟ್ಟ ಪಿನ್ ಗಮನಿಸಿ. ಇಲ್ಲೇ ಜನ ಎಡವೋದು. ಕಿತ್ತಳೆ ಲೆನ್ಸ್ ಇದ್ದರೆ ಬಿಳಿ ಬಲ್ಬ್. ಅದರ ಪಿನ್‌ಗಳು ಸರಿಯಾಗಿ ಎದುರುಬದುರು ಇರುತ್ತವೆ, ಬಿಎ15ಎಸ್ ಅಂತಾರೆ. ಲೆನ್ಸ್ ಬಿಳಿಯಾದರೆ ಬಲ್ಬೇ ಕಿತ್ತಳೆ ಬಣ್ಣದ್ದಾಗಿರಬೇಕು. ಅದು ಬಿಎಯು15ಎಸ್, ಪಿನ್‌ಗಳ ನಡುವೆ 150 ಡಿಗ್ರಿ ಮಾತ್ರ. ತಪ್ಪಿ ಬಿಳಿ ಬಲ್ಬ್ ಕೂರಬಾರದು ಅಂತಲೇ ಈ ವ್ಯತ್ಯಾಸ. ಒತ್ತಿ ತಿರುಗಿಸಿದರೂ ಕೂರಲಿಲ್ವಾ? ಬಲವಂತ ಮಾಡಬೇಡಿ, ಬಲ್ಬ್ ಬದಲಿಸಿಕೊಳ್ಳಿ.

ಎಲ್‌ಇಡಿ ಹಾಕಬಹುದು. ಆದರೆ ಅದು ಎಳೆಯುವ ಕರೆಂಟ್ ತೀರಾ ಕಡಿಮೆ. ಹಳೇ ಫ್ಲಾಷರ್ (ಇಂಡಿಕೇಟರ್ ಮಿನುಗಿಸುವ ಪುಟ್ಟ ಭಾಗ) ಇದ್ದರೆ ಟಪಟಪ ಅಂತ ಮಿನುಗುತ್ತದೆ, ಇಲ್ಲವೇ ಮಿನುಗೋದೇ ಇಲ್ಲ. ಎಲ್‌ಇಡಿಗೆ ಹೊಂದುವ ಫ್ಲಾಷರ್ ಹಾಕಿಸಿ. ಕರೆಂಟ್ ಹೆಚ್ಚು ಎಳೆಯಲಿ ಅಂತ ರೆಸಿಸ್ಟರ್ ಸೇರಿಸಿದರೂ ನಡೆಯುತ್ತದೆ, ಆದರೆ ಅದು ಸುಮ್ನೆ ಬಿಸಿಯಾಗುತ್ತದೆ, ನನಗಂತೂ ಇಷ್ಟವಿಲ್ಲ. ಕಿತ್ತಳೆ ಲೆನ್ಸ್ ಒಳಗೆ ಬಿಳಿ ಎಲ್‌ಇಡಿ ಮಂಕಾಗಿ ಕಾಣುತ್ತದೆ. ಕಿತ್ತಳೆ ಎಲ್‌ಇಡಿಯನ್ನೇ ಕೇಳಿ.