ಅಟ್ಟದ ಹಲಗಿ ಪೂರಾ ಕೀಳಬ್ಯಾಡ್ರಿ, ಕೆಟ್ಟಷ್ಟ ತಗೀರಿ

ಅಕ್ಕಾರ, ನೀವು ಹಾಕಿದ ಮೂರೂ ಫೋಟೋ ದೊಡ್ಡದು ಮಾಡಿ ನೋಡಿದೆ. ಧಾರವಾಡದ ಹಳೇ ಮಣ್ಣಿನ ಗ್ವಾಡಿ ಮನಿ, ಅಟ್ಟಕ್ಕ ಸಾಗವಾನಿ ಹಲಗಿ. ಕಿಡಕಿ ಕೆಳಗ ನಾಕ ಹಲಗಿ ಕರ್ರಗಾಗ್ಯಾವು, ಕಾಲಿಟ್ಟರ ಮೆತ್ತಗ ಒಳಗ ಹೋಗತಾವು. ಬಾಗಲ ಹತ್ತಿರ ಒಂದ ಹಲಗಿ ಕಿರ್ ಅಂತೈತಿ. ಗುತ್ತಿಗೆದಾರರು ಎಲ್ಲಾ ಕಿತ್ತು ಸ್ಲ್ಯಾಬ್ ಹಾಕಿ ಟೈಲ್ಸ್ ಕೂಡಿಸೂಣು ಅಂದಾರ, ಏನ್ ಮಾಡ್ಲಿ ಅಂತ ಕೇಳೀರಿ.

ಒಪ್ಪಬ್ಯಾಡ್ರಿ. ನಾಕ ಹಲಗಿ ಕೆಟ್ಟರ ನಾಕ ಹಲಗಿ ಬದಲಿ ಮಾಡಬೇಕು. ಸ್ಲ್ಯಾಬಿನ ಭಾರಾನೂ ಒಂದ ಸಲ ಲೆಕ್ಕಾ ಹಾಕಿ ನೋಡ್ರಿ. ಕಾಂಕ್ರೀಟು ಘನ ಮೀಟರಿಗೆ ಸುಮಾರು 2,500 ಕಿಲೋ ತೂಗತೈತಿ. ನಾಕ ಇಂಚಿನ ಸ್ಲ್ಯಾಬ್ ಅಂದರ ಚದರ ಮೀಟರಿಗೆ 250 ಕಿಲೋ ಆತು. ಒಂದ ಇಂಚಿನ ಸಾಗವಾನಿ ಹಲಗಿ ಅಷ್ಟ ಜಾಗಾಕ್ಕ 16–17 ಕಿಲೋ, ತೊಲಿ ತೂಕ ಬ್ಯಾರೆ ಹಿಡದರೂ ಸ್ಲ್ಯಾಬಿನ ಹತ್ತಿರಕ್ಕೂ ಬರೂದಿಲ್ಲ. ನಿಮ್ಮ ಮಣ್ಣಿನ ಗ್ವಾಡಿ ಕಟ್ಟಿದ್ದು ಹಲಗಿ ಭಾರಕ್ಕ.

ಹುಬ್ಬಳ್ಳಿಯ ನಮ್ಮ ಮನಿ ಅಟ್ಟಾನೂ ಹಿಂಗ ಕೆಟ್ಟಿತ್ತು. ನಾನೂ ನಮ್ಮ ಓಣಿಯ ಬಡಿಗೇರ ಮಾಮಾನೂ ಕೂಡಿ ಎರಡ ವಾರ ಕೆಲಸಾ ಮಾಡಿ ಸರಿ ಮಾಡಿದಿವಿ. ಆವಾಗ ಕಲಿತದ್ದನ್ನ ಹೇಳತೇನಿ.

ಹಲಗಿ ಮುಟ್ಟೂಕಿಂತ ಮೊದಲು ನೀರು ಎಲ್ಲಿಂದ ಬಂತು ಅಂತ ಹುಡಕ್ರಿ. ಕಟಗಿ ಒಳಗ ತೇವ ನೂರಕ್ಕ 20ಕ್ಕಿಂತ ಕಡಿಮಿ ಇದ್ದರ ಅದನ್ನ ಕೊಳಿಸೋ ಬೂಸ್ಟು ಬೆಳೆಯೂದಿಲ್ಲ. ನಿಮ್ಮ ಹಲಗಿ ಕೊಳತಾವಂದರ ತಿಂಗಳಗಟ್ಟಲೆ ನೀರು ಕುಡದಾವು ಅಂತನ ಅರ್ಥ. ಕಿಡಕಿ ಮ್ಯಾಲ ಹಂಚು ಸರದೈತೇನು, ಚೌಕಟ್ಟಿನ ಕೆಳಗ ಸಂದಿ ಬಿಟ್ಟೈತೇನು ನೋಡ್ರಿ. ಒಬ್ಬರು ಹೊರಗಿಂದ ಪೈಪ್ ಹಿಡದು ನೀರು ಬಿಡಬೇಕು, ಒಬ್ಬರು ಅಟ್ಟದಾಗ ಬ್ಯಾಟರಿ ಹಿಡದು ಕೂಡಬೇಕು. ಹತ್ತ ನಿಮಿಷದಾಗ ದಾರಿ ತಿಳೀತೈತಿ. ಇದನ್ನ ಬಿಟ್ಟು ಹೊಸ ಹಲಗಿ ಹಾಕಿದರ ಅದೂ ಹಂಗ ಕೊಳೀತೈತಿ.

ಆಮ್ಯಾಲ ತೊಲಿ. ಹಲಗಿಗಿಂತ ನನಗ ನಿಮ್ಮ ತೊಲೀದ ಚಿಂತಿ. ತೊಲಿ ನಡುವ ಕೆಡೂದು ಕಡಿಮಿ, ಗ್ವಾಡಿಯೊಳಗ ಹೂತ ತುದಿ ಮೊದಲು ಕೊಳೀತೈತಿ, ಯಾಕಂದರ ಅಲ್ಲಿ ಗಾಳಿ ಆಡೂದಿಲ್ಲ. ಹೊರಗ ಸಿಮೆಂಟ್ ಗಿಲಾವು ಮಾಡಿಸಿದ ಮಣ್ಣಿನ ಗ್ವಾಡಿ ಇದ್ದರ ಒಳಗಿನ ತೇವ ಹೊರಗ ಹೋಗಲಾರದ ಅಲ್ಲೇ ನಿಲ್ಲತೈತಿ. ಕೆಳಗಿನ ಖೋಲಿಯಿಂದ ಏಣಿ ಹಾಕಿ ಗ್ವಾಡಿ ಹತ್ತಿರದ ತೊಲಿಗೆ ದಬ್ಬಣ ಚುಚ್ಚಿ ನೋಡ್ರಿ. ಗಟ್ಟಿ ಕಟಗಿಗೆ ಮೊನಿ ಅಷ್ಟ ಇಳೀತೈತಿ, ಕೊಳತದ್ದಕ್ಕ ಅರ್ಧ ಇಂಚು ಸುಮ್ಮ ಹೋಗತೈತಿ. ಕೊಡತಿಯಿಂದ ಬಡದೂ ನೋಡ್ರಿ, ಸಪ್ಪಳ ಟೊಳ್ಳ ಬಂದರ ಒಳಗ ಒರಲಿ ತಿಂದಿರಬಹುದು. ಗ್ವಾಡಿ ಮ್ಯಾಲ ಮಣ್ಣಿನ ಎಳಿ ಏರಿದ್ದು ಕಂಡರ ಅದು ಒರಲಿ ದಾರಿ, ಮೊದಲು ಔಷಧ ಹೊಡಿಯೋರನ್ನ ಕರಸ್ರಿ. ತೊಲಿ ತುದಿ ಹೋಗಿದ್ದರ ನೀವ ಕೈ ಹಾಕಬ್ಯಾಡ್ರಿ. ಕೆಳಗ ಜಾಕ್ ಕೊಟ್ಟು, ತೊಲಿ ಮಗ್ಗಲಕ್ಕ ಇನ್ನೊಂದ ತೊಲಿ ಬೋಲ್ಟ್ ಹಾಕಿ ಜೋಡಸೂದು ತಿಳದವರ ಕೆಲಸ.

ತೊಲಿ ಗಟ್ಟಿ ಐತಿ ಅಂತ ಹಿಡಕೊಂಡು ಮುಂದ ಹೇಳತೇನಿ. ಕಟಗಿ ಒಣಗಸೂದರಾಗ ನಾನು ಒಂದ ತಪ್ಪು ಮಾಡಿದೆ, ನೀವು ಮಾಡಬಾರದು. ಶ್ರಾವಣದಾಗ ಮಿಲ್ಲಿನಿಂದ ಹೊಸಾ ಸಾಗವಾನಿ ತಂದು ಮರುದಿನಾನ ಹೊಡದೆ. ಅಂಚಿಗೆ ಅಂಚು ಕೂದಲೆಳಿ ಹೋಗಲಾರದಂಗ ಕೂಡಿತ್ತು. ಏಪ್ರಿಲ್ ಬಿಸಲಿಗೆ ಪ್ರತಿ ಹಲಗಿ ನಡುವ ಎರಡ ಮಿಲಿಮೀಟರ್ ಸಂದಿ ಬಿಡ್ತು, ಅಟ್ಟದ ಕಸಾ ಎಲ್ಲಾ ಅಡಿಗಿಮನಿಗೆ ಉದುರಾಕ ಹತ್ತಿತು. ಕಟಗಿ ಉದ್ದಕ್ಕ ಕುಗ್ಗೂದು ಇಲ್ಲ ಅಂದರೂ ನಡೀತೈತಿ, ಕುಗ್ಗೂದೆಲ್ಲಾ ಅಗಲಕ್ಕ. ತೇವ ನೂರಕ್ಕ 18 ಇದ್ದದ್ದು 12ಕ್ಕ ಇಳದರ ಆರ ಇಂಚಿನ ಸಾಗವಾನಿ ಹಲಗಿ ಒಂದೂವರಿಯಿಂದ ಎರಡ ಮಿಲಿಮೀಟರ್ ತನಕ ಸಣ್ಣ ಆಗತೈತಿ. ಅದಕ್ಕ ಹಲಗಿ ತಂದು ಎರಡ ವಾರರ ಅದೇ ಅಟ್ಟದ ಮ್ಯಾಲ, ನಡುವ ಕಡ್ಡಿ ಇಟ್ಟು, ಗಾಳಿ ಆಡೋಹಂಗ ಒಟ್ಟಿ ಬಿಡ್ರಿ. ಹೊಸಾ ಹಲಗಿ, ಹಳೇ ಹಲಗಿ ತೇವದಾಗ ನೂರಕ್ಕ ಎರಡಕ್ಕಿಂತ ಹೆಚ್ಚ ಫರಕ ಇರಬಾರದು. ಅಳಿಯೋ ಸಣ್ಣ ಮೀಟರ್ ಹಾರ್ಡವೇರ್ ಅಂಗಡ್ಯಾಗ ಸಿಗತೈತಿ.

ನನ್ನ ಕೇಳಿದರ ಹೊಸಾ ಕಟಗಿಗಿಂತ ಹಳೇ ಮನಿ ಕೆಡವಿದ ಸಾಗವಾನೀನ ಚಲೋ. ದಾಂಡೇಲಿ ಕಾಡು ಹತ್ತಿರ ಇದ್ದದ್ದಕ್ಕ ನಮ್ಮ ಕಡೆ ಹಳೇ ಮನಿಗೋಳಿಗೆ ಸಾಗವಾನಿ, ಮತ್ತಿ, ಹೊನ್ನಿ ಬೇಕಾದಷ್ಟ ಬಿದ್ದಾವು. ಆ ಕಟಗಿ ಕುಗ್ಗೂದರಾಗ ಬಹಳಷ್ಟ ಎಂದೋ ಕುಗ್ಗಿ ಮುಗಿಸೈತಿ, ಬಣ್ಣಾನೂ ನಿಮ್ಮ ಅಟ್ಟಕ್ಕ ಕೂಡತೈತಿ. ಕೊಳ್ಳೂಮುಂದ ಒಂದ ಅಯಸ್ಕಾಂತ ಒಯ್ಯರಿ. ಒಳಗ ಮುರದ ಮೊಳಿ ಇದ್ದರ ರಂದಾ ಬಾಯಿ ಹೋಗತೈತಿ. ಹಲಗಿ ದಪ್ಪ ನಿಮ್ಮ ಹಲಗಿಗಿಂತ ಒಂದೆರಡ ನೂಲು ಹೆಚ್ಚ ಇರಲಿ, ಕೂಡಿಸಿದ ಮ್ಯಾಲ ಕೆತ್ತಿ ಸಮ ಮಾಡಬಹುದು. ಕಡಿಮಿ ಇದ್ದರ ಕೆಳಗ ಚಕ್ಕಿ ಕೊಟ್ಟು ಎತ್ತಬೇಕಾಗತೈತಿ, ಅದು ಮುಂದ ಸಪ್ಪಳಾ ಮಾಡತೈತಿ.

ಇನ್ನ ಕತ್ತರಸೂದು. ಮೊದಲು ಕರೆಂಟ್ ಮೇನ್ ಬಂದ್ ಮಾಡ್ರಿ, ಹಳೇ ಮನ್ಯಾಗ ಹಲಗಿ ಕೆಳಗ ವಾಯರ್ ಹಾಯಿಸಿರತಾರ. ಮೊಳಿ ಹೊಡದ ಸಾಲು ನೋಡಿದರ ತೊಲಿ ಎಲ್ಲಿ ಐತಿ ಅಂತ ತಾನ ತಿಳೀತೈತಿ. ಕೊಳತ ಜಾಗಾದಿಂದ ಕಡಿಮಿ ಅಂದರೂ ಒಂದ ಗೇಣು ಆಚೆ, ಗಟ್ಟಿ ಕಟಗಿ ಸಿಗೋ ತೊಲಿ ತನಕ ಹೋಗ್ರಿ. ಆ ತೊಲಿಯ ನಟ್ಟ ನಡುವ ಮೂಲಮಟ್ಟ ಹಿಡದು ಗೆರಿ ಎಳೀರಿ. ಹಿಂಗ ಮಾಡಿದರ ಹಳೇ ಹಲಗಿ ತುದಿಗೆ ಅರ್ಧ ತೊಲಿ, ಹೊಸಾದಕ್ಕ ಅರ್ಧ ತೊಲಿ ಆಸರ ಸಿಗತೈತಿ. ನಾಕೂ ಹಲಗಿ ಒಂದ ಗೆರಿ ಮ್ಯಾಲ ಕೊಯ್ಯಬ್ಯಾಡ್ರಿ. ಒಂದ ಈ ತೊಲಿ ಮ್ಯಾಲ, ಮುಂದಿಂದು ಅದರಾಚೆ ತೊಲಿ ಮ್ಯಾಲ ಮಾಡ್ರಿ. ಇಲ್ಲಂದರ ಎಲ್ಲಾ ಜೋಡಣಿ ಒಂದ ಕಡೆ ಬಂದು ನೆಲಾ ಅಲ್ಲೇ ಸಡಲ ಆಗತೈತಿ, ಕಣ್ಣಿಗೂ ತ್ಯಾಪಿ ಹಚ್ಚಿದಂಗ ಕಾಣತೈತಿ.

ಬ್ಯಾಟರಿ ಮ್ಯಾಲ ನಡಿಯೋ ಕಟಿಂಗ್ ಮಶೀನಿನ ಬ್ಲೇಡು ಹಲಗಿ ದಪ್ಪದಷ್ಟ ಇಳಿಯೋಹಂಗ ಬಿಗೀರಿ, ತೊಲಿಗೆ ತಾಗಬಾರದು. ಮಶೀನು ಮೂಲಿ ತನಕ ಮುಟ್ಟೂದಿಲ್ಲ, ಉಳದ ಒಂದ ಇಂಚನ್ನ ಹರಿತ ಉಳಿಯಿಂದ ಕಡೀರಿ. ಹಲಗಿಯನ್ನ ಹಾರಿ ಹಾಕಿ ಮೀಟಿದರ ಮಗ್ಗಲಿನ ಚಲೋ ಹಲಗಿ ಸೀಳತೈತಿ, ಅದಕ್ಕ ಕೆಟ್ಟ ಹಲಗಿಯನ್ನ ನಡುವ ಉದ್ದಕ ಸೀಳಿ ಎರಡ ಭಾಗ ಮಾಡಿ ಒಳಕ್ಕ ಎಳದು ತಗೀರಿ. ತುಕ್ಕ ಹಿಡದ ಮೊಳಿ ಬರದಿದ್ದರ ಸಂದ್ಯಾಗ ಹ್ಯಾಕ್ಸಾ ಬ್ಲೇಡ್ ಹಾಕಿ ಕೊಯ್ಯರಿ.

ಹೋದ ವಾರ ತಮ್ಮ ಒಬ್ಬರು ಫ್ಲ್ಯಾಟಿನ ಹಲಗಿ ನೆಲದಾಗ ಹಲಗಿ ಕೂಡಸೂದು ಹೆಂಗ ಅಂತ ಕೇಳಿದ್ದರು, ಅವರಿಗೂ ಇಲ್ಲೇ ಹೇಳಿಬಿಡತೇನಿ. ಆ ಹಲಗಿಗೆ ಒಂದ ಅಂಚಿಗೆ ನಾಲಗಿ, ಇನ್ನೊಂದಕ್ಕ ಅದು ಕೂಡೋ ಸೀಳು ಇರತೈತಿ. ಕೊನೀ ಹಲಗಿ ಕೂಡಸೂಮುಂದ ಸೀಳಿನ ಕೆಳಗಿನ ತುಟಿ ಕೆತ್ತಿ ತಗೀರಿ, ಆವಾಗ ಮ್ಯಾಲಿಂದ ಇಳೀತೈತಿ. ಫೆವಿಕಾಲ್ ಹಚ್ಚಿ ಒಂದ ರಾತ್ರಿ ಭಾರ ಇಡ್ರಿ.

ಅಕ್ಕಾರ, ನಿಮ್ಮ ಅಟ್ಟಕ್ಕ ಮೊಳಿ ಬ್ಯಾಡ, ಹಿತ್ತಾಳಿ ಇಲ್ಲಾ ಸ್ಟೇನಲೆಸ್ ಸ್ಕ್ರೂ ಹಾಕ್ರಿ. ಕಬ್ಬಿಣಕ್ಕ ನೀರು ತಾಗಿದರ ಸುತ್ತಲಿನ ಕಟಗಿ ಕರ್ರಗ ಆಗತೈತಿ. ಮೊದಲು ಸಣ್ಣ ತೂತು ಹಾಕಿ ಆಮ್ಯಾಲ ಸ್ಕ್ರೂ ಬಿಗೀರಿ, ಒಣ ಸಾಗವಾನಿ ತುದಿ ಲಗೂನ ಸೀಳತೈತಿ. ಸ್ಕ್ರೂ ತಲಿ ಒಳಗ ಇಳಿಸಿ, ಮ್ಯಾಲ ಅದೇ ಕಟಗಿ ಬೆಣಿ ಹೊಡದು ಕೆತ್ತಿದರ ಗುರುತ ಉಳಿಯೂದಿಲ್ಲ. ಕಿರ್ ಅನ್ನೋ ಹಲಗಿಗೂ ಇಷ್ಟ ಸಾಕು, ತೊಲಿ ಮ್ಯಾಲ ಎರಡ ಸ್ಕ್ರೂ.

ಪಾಲಿಶ್ ಪೇಪರ್ ನಂಬರ್ 60, 80, 120 ಅಂತ ಎಳಿ ಹಿಡದ ದಿಕ್ಕಿಗೇ ತಿಕ್ಕರಿ. ಹಳೇ ಆಯಿಲ್ ಪೇಂಟ್ ಇದ್ದರ ಅದರಾಗ ಸೀಸ ಇರಬಹುದು, ಮುಖಕ್ಕ ಮಾಸ್ಕ್ ಬೇಕು, ಮನ್ಯಾಗಿನ ಹುಡುಗರನ್ನ ದೂರ ಇಡ್ರಿ. ಆಮ್ಯಾಲ ಅಗಸಿ ಎಣ್ಣಿ. ಗಾಣದ ಎಣ್ಣಿ ಒಣಗಾಕ ವಾರಗಟ್ಟಲೆ ಹಿಡೀತೈತಿ, ಪೇಂಟ್ ಅಂಗಡ್ಯಾಗಿನ ಡಬಲ್ ಬಾಯಿಲ್ಡ್ ತರ್ರಿ. ತೆಳ್ಳಗ ಹಚ್ಚಿ, ಕಾಲ ತಾಸು ಬಿಟ್ಟು, ಉಳದದ್ದನ್ನ ಒರಸಿ ತಗೀರಿ. ಹಿಂಗ ಮೂರ ಸಲ, ನಡುವ ಒಂದೊಂದ ದಿನ ಬಿಟ್ಟು. ಇದನ್ನ ಮರೀಬ್ಯಾಡ್ರಿ: ಎಣ್ಣಿ ಒರಸಿದ ಅರಬಿ ಮುದ್ದಿ ಮಾಡಿ ಮೂಲ್ಯಾಗ ಒಗದರ ತಾನ ಕಾದು ಬೆಂಕಿ ಹತ್ತತೈತಿ. ನೀರಾಗ ಅದ್ದಿ, ಅಂಗಳದಾಗ ಬಿಚ್ಚಿ ಹರವಿ ಒಣಗಿಸಿ ಒಗೀರಿ. ಮುಂದ ನೆಲಾ ಒರಸೂಮುಂದ ಬಕೀಟ ನೀರು ಸುರವಬಾರದು, ಹಿಂಡಿದ ಅರಬಿ ಸಾಕು.

ಹಂಚಿನ ಕೆಲಸಾ ಮಾತ್ರ ಮಿರಗ (ಮೃಗಶಿರಾ ಮಳಿ) ಕೂಡೂದರೊಳಗ ಮುಗಸ್ರಿ, ಹಲಗಿ ಕೆಲಸಾ ಆಮ್ಯಾಲ ಆದರೂ ನಡೀತೈತಿ. ಕೆಳಗಿನ ಖೋಲಿಯಿಂದ, ಕಿಡಕಿ ಬದಿ ಗ್ವಾಡಿಯೊಳಗ ತೊಲಿ ಹೋಗೋ ಜಾಗಾದ್ದು ಎರಡ ಫೋಟೋ ಹಾಕ್ರಿ, ದಬ್ಬಣ ಎಷ್ಟ ಇಳೀತು ಅಂತಾನೂ ಬರೀರಿ. ಅದನ್ನ ನೋಡಿ ಬಡಿಗೇರರು ಸಾಕೋ, ಇಂಜಿನಿಯರ್ ಬೇಕೋ ಹೇಳತೇನಿ.