ಜಾಣರಿದ್ದೂ ತಂಡ ಎಡವುವುದೇಕೆ?

ಪ್ರಶ್ನೆ: ನಾನು ಎಂಟು ಎಂಜಿನಿಯರುಗಳ ತಂಡದ ಮುಖ್ಯಸ್ಥೆ. ಎಲ್ಲರೂ ನುರಿತವರು, ಸಭೆಗಳಲ್ಲಿ ಯಾರದೂ ತಕರಾರಿರುವುದಿಲ್ಲ. ಆದರೂ ಕೆಲಸ ಒಪ್ಪಿಸುವ ಹೊತ್ತಿಗೆ ದೊಡ್ಡದೊಂದು ದೋಷ ಹೊರಬೀಳುತ್ತದೆ. ವಿಚಾರಿಸಿದರೆ ಅದು ಕೆಲವರಿಗೆ ಮೊದಲೇ ಗೊತ್ತಿರುತ್ತದೆ. ಇನ್ನೂ ಸಮರ್ಥರನ್ನು ಸೇರಿಸಿಕೊಳ್ಳಬೇಕೆ?
– ಓದುಗರು, ಹುಬ್ಬಳ್ಳಿ

ಉತ್ತರ: ಸಭೆಯಲ್ಲಿ ತಕರಾರಿಲ್ಲ, ದೋಷ ಮಾತ್ರ ಕೆಲವರಿಗೆ ಮೊದಲೇ ಗೊತ್ತಿರುತ್ತದೆ ಎಂದು ನೀವೇ ಬರೆದಿದ್ದೀರಿ. ಈ ಎರಡು ಮಾತುಗಳನ್ನು ಜೊತೆಗಿಟ್ಟು ಓದಿದರೆ, ನಿಮ್ಮವರಿಗೆ ಸಾಮರ್ಥ್ಯ ಸಾಕಷ್ಟಿದೆ, ತಿಳಿದದ್ದನ್ನು ನಿಮ್ಮೆದುರು ಹೇಳುವ ಧೈರ್ಯ ಸಾಲದಾಗಿದೆ ಎಂದೇ ನನಗೆ ತೋರುತ್ತದೆ.

ವಿಮಾನಯಾನ ಕ್ಷೇತ್ರ ಇದನ್ನು ಪ್ರಾಣಗಳನ್ನು ತೆತ್ತು ಕಲಿಯಿತು. 1978ರ ಡಿಸೆಂಬರ್ 28ರಂದು ಯುನೈಟೆಡ್ ಏರ್‌ಲೈನ್ಸ್‌ನ ವಿಮಾನವೊಂದು, ಕ್ಯಾಪ್ಟನ್ ಲ್ಯಾಂಡಿಂಗ್ ಗೇರಿನ (ಇಳಿಯಲು ಬೇಕಾದ ಚಕ್ರಗಳ ಜೋಡಣೆಯ) ದೋಷದಲ್ಲೇ ಮುಳುಗಿದ್ದಾಗ, ಅಮೆರಿಕದ ಪೋರ್ಟ್‌ಲ್ಯಾಂಡ್ ಬಳಿ ಸುಮಾರು ಒಂದು ಗಂಟೆ ಸುತ್ತಿ, ಇಂಧನ ಮುಗಿದು ನೆಲಕ್ಕುರುಳಿತು. ಹತ್ತು ಮಂದಿ ಸತ್ತರು. ಇಂಧನ ಇಳಿಯುತ್ತಿದ್ದುದು ಕಾಕ್‌ಪಿಟ್‌ನಲ್ಲಿದ್ದ ಉಳಿದವರಿಗೆ ಕಾಣುತ್ತಿತ್ತು, ಅವರು ಸೂಚಿಸಿಯೂ ಇದ್ದರು. ಆದರೆ ಆ ಸೂಚನೆ ಕ್ಯಾಪ್ಟನ್‌ಗೆ ನಾಟುವಷ್ಟು ಗಟ್ಟಿಯಾಗಿರಲಿಲ್ಲ. ಬಳಿಕ ಅದೇ ಸಂಸ್ಥೆ 1981ರಲ್ಲಿ, ಕಿರಿಯರು ಸ್ಪಷ್ಟವಾಗಿ ಎಚ್ಚರಿಸುವುದನ್ನೂ ಹಿರಿಯರು ಅದಕ್ಕೆ ಕಿವಿಗೊಡುವುದನ್ನೂ ಕಲಿಸುವ ತರಬೇತಿಯನ್ನು ಆರಂಭಿಸಿತು. 1989ರ ಜುಲೈನಲ್ಲಿ ಅದೇ ಸಂಸ್ಥೆಯ ಮತ್ತೊಂದು ವಿಮಾನದಲ್ಲಿ, ಅದನ್ನು ತಿರುಗಿಸಲು, ಏರಿಳಿಸಲು ಬೇಕಾದ ಹೈಡ್ರಾಲಿಕ್ ವ್ಯವಸ್ಥೆಗಳು ಮೂರೂ ಹಾರಾಟದ ನಡುವೆ ನಿಷ್ಕ್ರಿಯವಾದವು. ಕ್ಯಾಪ್ಟನ್ ಆಲ್ ಹೇನ್ಸ್, ಪ್ರಯಾಣಿಕರ ನಡುವೆ ಕುಳಿತಿದ್ದ ತರಬೇತುದಾರ ಪೈಲಟ್ ಒಬ್ಬರ ನೆರವನ್ನೂ ಒಪ್ಪಿಕೊಂಡು, ಎಂಜಿನ್‌ಗಳ ವೇಗವನ್ನಷ್ಟೇ ಹೆಚ್ಚುಕಡಿಮೆ ಮಾಡಿಸುತ್ತ ಅಮೆರಿಕದ ಸೂ ಸಿಟಿಯ ವಿಮಾನ ನಿಲ್ದಾಣದವರೆಗೆ ವಿಮಾನವನ್ನು ತಂದರು. ಇಳಿಯುವಾಗ ಅದು ಒಡೆದುಹೋದರೂ 296 ಮಂದಿಯಲ್ಲಿ 184 ಮಂದಿ ಬದುಕುಳಿದರು. ಹೇನ್ಸ್ ಅದರ ಶ್ರೇಯಸ್ಸಿನಲ್ಲಿ ದೊಡ್ಡ ಪಾಲನ್ನು ಆ ತರಬೇತಿಗೇ ಕೊಟ್ಟರು. ಅಂಥ ಗಳಿಗೆಯಲ್ಲೂ ನಾಯಕನೊಬ್ಬ ಇನ್ನೊಬ್ಬರ ಬುದ್ಧಿಗೆ ಜಾಗ ಮಾಡಿಕೊಟ್ಟದ್ದು ನನಗೆ ತಾಂತ್ರಿಕ ಚಾತುರ್ಯಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕಿ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಗಳ ತಂಡಗಳನ್ನು ಅಧ್ಯಯನ ಮಾಡಿದಾಗ, ಹೊಂದಿಕೊಂಡು ದುಡಿಯುವ ತಂಡಗಳಲ್ಲೇ ಔಷಧ ನೀಡಿಕೆಯ ತಪ್ಪುಗಳು ಹೆಚ್ಚು ದಾಖಲಾಗಿದ್ದವು. ಅಲ್ಲಿನವರು ತಪ್ಪನ್ನು ಮುಚ್ಚಿಡದೆ ಹೇಳುತ್ತಿದ್ದುದೇ ಇದಕ್ಕೆ ಕಾರಣವೆಂದು ಅವರು ಕಂಡುಕೊಂಡರು. ಗೂಗಲ್ ತನ್ನ ಸುಮಾರು 180 ತಂಡಗಳನ್ನು ಪರಿಶೀಲಿಸಿದಾಗಲೂ, ಅಂಜದೆ ಮಾತನಾಡಬಹುದೆಂಬ ಭರವಸೆಯೇ ತಂಡದ ಯಶಸ್ಸಿಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು.

ಆದ್ದರಿಂದ ಮುಂದಿನ ಸಭೆಯಲ್ಲಿ ನಿಮ್ಮ ಅಭಿಪ್ರಾಯವನ್ನು ಕೊನೆಗೆ ಹೇಳಿ. ಕಿರಿಯರಿಂದ ಆರಂಭಿಸಿ, ಈ ಕೆಲಸ ಕೆಡುವುದಾದರೆ ಎಲ್ಲಿ ಕೆಡಬಹುದೆಂದು ಒಬ್ಬೊಬ್ಬರನ್ನೂ ಕೇಳಿ. ಮೊದಲ ಅಹಿತಕರ ಸುದ್ದಿ ಬಂದಾಗ ಕಾರಣ ಕೇಳುವುದಕ್ಕೂ ಮುನ್ನ ತಿಳಿಸಿದವರಿಗೆ ವಂದಿಸಿ, ಏಕೆಂದರೆ ಉಳಿದ ಏಳು ಮಂದಿ ಆ ಹೊತ್ತಿನಲ್ಲಿ ನಿಮ್ಮ ಮುಖವನ್ನೇ ನೋಡುತ್ತಿರುತ್ತಾರೆ.

ಪ್ರಶ್ನೆ: ಇಷ್ಟು ಸಲಿಗೆ ಕೊಟ್ಟರೆ ಶಿಸ್ತು ಸಡಿಲವಾಗುವುದಿಲ್ಲವೆ?
– ಇನ್ನೊಬ್ಬ ಓದುಗರು, ಮೈಸೂರು

ಉತ್ತರ: ಆಗಬೇಕಿಲ್ಲ. ಕಾಕ್‌ಪಿಟ್‌ನಲ್ಲಿ ಅಂತಿಮ ನಿರ್ಧಾರ ಇಂದಿಗೂ ಕ್ಯಾಪ್ಟನ್‌ನದೇ, ನಿಯಮಗಳೂ ಅಷ್ಟೇ ಕಟ್ಟುನಿಟ್ಟು. ತಪ್ಪನ್ನು ತಿಳಿಸಿದವರಿಗೆ ಶಿಕ್ಷೆಯಾಗದಿರಲಿ; ಒಪ್ಪಿಕೊಂಡ ಗಡುವು, ಗುಣಮಟ್ಟಗಳಲ್ಲಿ ಮಾತ್ರ ರಿಯಾಯಿತಿ ಬೇಡ.