ಕಟಗಿ ಪೆಟಗಿಗೆ ಠಸ್ಸೆ ಬೇಕು, ಬರೇ ಕಾಗದ ಸಾಲಂಗಿಲ್ಲ

ಪ್ರಶ್ನೆ: ನಾವು ಬೀದರ್‌ದಾಗ ಬಿದರಿ ಸಾಮಾನು ಮಾಡ್ತೀವ್ರಿ. ಆಸ್ಟ್ರೇಲಿಯಾದಿಂದ ಆರ್ಡರ್ ಬಂದದ, ಹಡಗಿನಾಗ ಕಳಿಸಬೇಕು. ನಮ್ಮ ಓಣಿ ಬಡಿಗ್ಯಾರ ಕಡೆ ಮಾವಿನ ಹಲಗಿ ಪೆಟಗಿ ಮಾಡಿಸಿ, ಒಬ್ರಿಗೆ ರೊಕ್ಕ ಕೊಟ್ಟು ಫ್ಯೂಮಿಗೇಷನ್ (ಹುಳ ಸಾಯಂಗ ಅನಿಲ ಹಾಯಿಸೋದು) ಸರ್ಟಿಫಿಕೇಟ್ ತಂದ್ವಿ. ಈಗ ಏಜೆಂಟ್ ಪೆಟಗಿ ಮ್ಯಾಲ ಠಸ್ಸೆ ಇಲ್ಲ, ಮಾಲು ತಗೊಳ್ಳಂಗಿಲ್ಲ ಅಂತಾನ. ಕಾಗದ ಅದಲ್ರಿ, ಇನ್ನೇನು ಬೇಕು?

ಉತ್ತರ: ನಿಮ್ಮ ಏಜೆಂಟ್ ಹೇಳೋದು ಖರೇ ಅದ. ಅಲ್ಲೇ ತಡೆದಿದ್ದು ಚಲೋನೇ ಆಯ್ತು, ಮಾಲು ಅಲ್ಲಿ ಬಂದರಿಗೆ ಹೋಗಿ ಸಿಕ್ಕಿಬಿದ್ದಿದ್ರ ಪೆಟಗಿ ಅಲ್ಲೇ ಟ್ರೀಟ್ ಮಾಡಸ್ಬೇಕು, ನಾಶ ಮಾಡಸ್ಬೇಕು ಇಲ್ಲಾ ವಾಪಸ್ ತರಸ್ಬೇಕು, ಆ ಖರ್ಚು ನಿಮ್ಮ ಬೆಳ್ಳಿ ಕೆಲಸದ ಕೂಲಿಗಿಂತ ಜಾಸ್ತಿ ಆಗಬಹುದು. ಕಟಗಿ ಪ್ಯಾಕಿಂಗ್ ಒಳಗ ಕುಂತು ಹುಳ ದೇಶದಿಂದ ದೇಶಕ್ಕ ಹೋಗಬಾರದು ಅಂತ ಮಾಡಿದ ಅಂತರರಾಷ್ಟ್ರೀಯ ನಿಯಮ ಇದು, ಹೆಸರು ಐಎಸ್‌ಪಿಎಂ 15, 2002ರಾಗ ಬಂದದ್ದು, ಈಗ ಹೆಚ್ಚುಕಮ್ಮಿ ಎಲ್ಲಾ ದೊಡ್ಡ ದೇಶನೂ ಪಾಲಿಸ್ತಾವ. ಅದರಾಗ ಮುಖ್ಯ ದಾಖಲೆ ಅಂದ್ರ ಕಟಗಿ ಮ್ಯಾಲಿನ ಗುರುತು. ತೆನಿ ಚಿತ್ರ, ಅದರ ಜೊತಿ ಐಪಿಪಿಸಿ (ಸಸ್ಯ ಸಂರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದದ ಹೆಸರು) ಅಂತ ಅಕ್ಷರ, ನಮ್ಮ ದೇಶದ ಕೋಡ್ ಐಎನ್, ಟ್ರೀಟ್‌ಮೆಂಟ್ ಮಾಡಿದ ಘಟಕದ ನಂಬರ್, ಆಮ್ಯಾಲ ಎಚ್‌ಟಿ ಇಲ್ಲಾ ಎಂಬಿ. ಇದು ಪೆಟಗಿಯ ಎದುರುಬದುರು ಎರಡು ಮಗ್ಗಲಿಗಾದ್ರೂ ಕಾಣಬೇಕು, ಅಳಿಸಿ ಹೋಗಬಾರದು, ಕೈಲೆ ಬರೆದದ್ದು ನಡ್ಯಂಗಿಲ್ಲ, ಕೆಂಪು ಕೇಸರಿ ಬಣ್ಣನೂ ಬ್ಯಾಡ ಯಾಕಂದ್ರ ಅವು ಅಪಾಯದ ಮಾಲಿನ ಗುರುತಿನ ಬಣ್ಣ.

ಎಚ್‌ಟಿ ಅಂದ್ರ ಕಟಗಿಯ ನಡುಮಧ್ಯೆ 56 ಡಿಗ್ರಿ ಸೆಲ್ಸಿಯಸ್ ಬಿಸಿ 30 ನಿಮಿಷ ಬಿಡದಂಗ ಇರಬೇಕು. ಮ್ಯಾಲಿನ ಪದರು ಕಾದ್ರ ಸಾಲಂಗಿಲ್ಲ, ಹುಳ ಇರೋದು ಒಳಗ. ಎಂಬಿ ಅಂದ್ರ ಮಿಥೈಲ್ ಬ್ರೋಮೈಡ್ ಅನಿಲ ಹಾಯಿಸಿದ್ದು. ಎರಡಕ್ಕೂ ತೊಗಟಿ ತಗದಿರಬೇಕು, 3 ಸೆಂಟಿಮೀಟರಿಗಿಂತ ಕಡಿಮಿ ಅಗಲದ ಚೂರು ಉಳಿದ್ರ ನಡೀತದ.

ಈ ಠಸ್ಸೆ ಹೊಡ್ಯೋ ಅಧಿಕಾರ ಕೇಂದ್ರ ಸರ್ಕಾರದ ಸಸ್ಯ ಸಂರಕ್ಷಣಾ ಇಲಾಖೆಯಿಂದ ಮಾನ್ಯತೆ ಪಡೆದ ಘಟಕಕ್ಕ ಮಾತ್ರ ಅದ. ನಿಮ್ಮ ಬಡಿಗ್ಯಾರು ಎಷ್ಟು ಚಂದ ಪೆಟಗಿ ಮಾಡಿದ್ರೂ ಅವರು ಠಸ್ಸೆ ಹಾಕಂಗಿಲ್ಲ, ನೀವೂ ಹಾಕಂಗಿಲ್ಲ. ಬೀದರ್‌ಗೆ ಹೈದರಾಬಾದ್ ಹತ್ರ ಅಲ್ಲೇನ್ರಿ, ಅಲ್ಲಿ ಇಂಥ ಘಟಕ ಅದಾವ, ಪೆಟಗಿ ಅಲ್ಲೇ ಮಾಡಿಸ್ರಿ, ಇಲ್ಲಾ ಮಾಡಿದ ಪೆಟಗಿ ಒಯ್ದು ಟ್ರೀಟ್ ಮಾಡಿಸಿ ಠಸ್ಸೆ ಹೊಡಸ್ರಿ. ಅವರು ಕೊಡೋ ಸರ್ಟಿಫಿಕೇಟ್‌ನ್ಯಾಗಿನ ನಂಬರ್‌ಗೂ ಪೆಟಗಿ ಮ್ಯಾಲಿನ ನಂಬರ್‌ಗೂ ತಾಳೆ ಆಗ್ತದೋ ಇಲ್ಲೋ ಅಲ್ಲೇ ನಿಂತು ನೋಡ್ರಿ, ಆ ಕಾಗದ ಇನ್‌ವಾಯ್ಸ್ ಜೊತಿ ಇಟ್ಕೊಳ್ರಿ.

ಆಸ್ಟ್ರೇಲಿಯಾಕ್ಕ ಇನ್ನೊಂದು ಕಾಗದನೂ ಬೇಕು, ಪ್ಯಾಕಿಂಗ್ ಡಿಕ್ಲರೇಷನ್ ಅಂತಾರ. ಕಟಗಿ ವಾಪರಿಸೀವೋ ಇಲ್ಲೋ, ನಿಯಮದ ಪ್ರಕಾರ ಟ್ರೀಟ್ ಆಗ್ಯದೋ ಇಲ್ಲೋ, ಒಣಹುಲ್ಲು ಹೊಟ್ಟು ಹಾಕೀವೋ ಅಂತ ಮಾಲು ಕಟ್ಟಿದವರು ಬರೆದು ಸಹಿ ಮಾಡ್ಬೇಕು. ಬಿದರಿ ಸಾಮಾನು ಒಜ್ಜಿ, ಒಡಿಬಾರದು ಅಂತ ನಮ್ಮ ಕಡೆ ಹುಲ್ಲು ತುಂಬೋ ರೂಢಿ ಅದ, ಅದನ್ನ ಬಿಟ್ಟುಬಿಡ್ರಿ, ಹುಲ್ಲು ಅವರು ಒಳಗ ಬಿಡಂಗಿಲ್ಲ. ಬಬಲ್ ಶೀಟ್ ಹಾಕ್ರಿ.

ಇಷ್ಟೆಲ್ಲಾ ಯಾಕ ಅಂತ ಬ್ಯಾಸರ ಆಗಬಹುದು. 1996ರಾಗ ನ್ಯೂಯಾರ್ಕ್‌ದಾಗ ಏಷ್ಯಾದ ಉದ್ದ ಮೀಸಿ ಕೊರಕ ಹುಳ ಸಿಕ್ತು, ಹೊರದೇಶದ ಕಟಗಿ ಪೆಟಗಿ ಒಳಗ ಕುಂತು ಬಂದದ್ದು ಅಂತ ಗೊತ್ತಾಯ್ತು, ಆಮ್ಯಾಲ ಸಾವಿರಾರು ಗಿಡ ಕಡೀಬೇಕಾಯ್ತು. ತೊಗರಿಗೆ ಕೀಡಿ ಬಿದ್ದಾಗ ನಮ್ಮ ರೈತರ ಜೀವ ಹೆಂಗಾಗ್ತದ, ಅವರ ಅಡವಿಗೂ ಹಂಗೇ.

ಕಚ್ಚಾ ಕಟಗಿ ಬ್ಯಾಡ ಅಂದ್ರ ಪ್ಲೈವುಡ್ ಪೆಟಗಿ ಮಾಡಿಸ್ರಿ, ಅಂಟು ಬಿಸಿ ಒತ್ತಡ ಹಾಕಿ ಮಾಡಿದ ಪ್ಲೈವುಡ್‌ಗೆ ಠಸ್ಸೆ ಬೇಕಾಗಿಲ್ಲ. ಆದ್ರ ಕೆಳಗಿನ ಕಾಲು, ಪಟ್ಟಿ ಸಾದಾ ಕಟಗಿದು ಇದ್ದು 6 ಮಿಲಿಮೀಟರಿಗಿಂತ ದಪ್ಪ ಇದ್ರ ಅದಕ್ಕ ಬೇಕೇ ಬೇಕು, ಭಾಳ ಮಂದಿ ಇಲ್ಲೇ ತಪ್ಪತಾರ.

ಪ್ರಶ್ನೆ: ಕಲಬುರಗಿದಾಗ ನಮ್ದು ದಾಲ್ ಮಿಲ್ ಅದ. ಠಸ್ಸೆ ಇದ್ದ ಹಳೇ ಪ್ಯಾಲೆಟ್ (ಮಾಲು ಇಡೋ ಕಟಗಿ ಚೌಕಟ್ಟು) ರಿಪೇರಿ ಮಾಡಿ ರಫ್ತಿಗೆ ವಾಪರಿಸಬಹುದಾ?

ಉತ್ತರ: ಗಟ್ಟಿ ಇದ್ದು ಠಸ್ಸೆ ಸ್ಪಷ್ಟ ಇದ್ರ ಹಂಗೇ ವಾಪರಸ್ರಿ, ಠಸ್ಸೆಗೆ ತಾರೀಖಿನ ಅವಧಿ ಅಂತ ಇಲ್ಲ. ರಿಪೇರಿಗೆ ಬಂದ್ರ ಹಾಕೋ ಹಲಗೀನೂ ಟ್ರೀಟ್ ಆಗಿ ಗುರುತು ಇದ್ದದ್ದೇ ಆಗಬೇಕು. ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬದಲಿಸಿದ್ರ ಹಳೇ ಠಸ್ಸೆ ಎಲ್ಲಾ ಅಳಿಸಿ, ಪೂರಾ ಪ್ಯಾಲೆಟ್ ಮತ್ತ ಟ್ರೀಟ್ ಮಾಡಿಸಿ ಹೊಸ ಠಸ್ಸೆ ಹೊಡಸ್ಬೇಕು.

ಪ್ರಶ್ನೆ: ಯಾದಗಿರಿದಾಗ ನಮ್ಮ ಫ್ಯಾಕ್ಟರಿಗೆ ಹೊರದೇಶದ ಮಷಿನ್ ಬಂದದ, ಅದರ ಪೆಟಗಿ ಕಟಗಿ ಒಲಿಗೆ ಹಾಕಬಹುದಾ? ಗೆದ್ದಲಿ ಹಿಡ್ಯಂಗಿಲ್ಲ ಅಂತಾರ, ಖರೇ ಏನ್ರಿ?

ಉತ್ತರ: ಪೆಟಗಿ ಮ್ಯಾಲಿನ ಠಸ್ಸೆದಾಗ ಎಂಬಿ ಅಂತ ಇದ್ರ ಒಲಿಗೆ ಹಾಕಬ್ಯಾಡ್ರಿ, ಮಕ್ಕಳ ತೊಟ್ಟಿಲಾ ಆಟಗಿ ಮಾಡಸ್ಬ್ಯಾಡ್ರಿ. ಎಚ್‌ಟಿ ಬರೇ ಬಿಸಿ ಮಾಡಿದ್ದು, ಅದರಾಗ ಔಷಧ ಇರಂಗಿಲ್ಲ, ಆದ್ರೂ ಎಣ್ಣಿ ಬಣ್ಣ ಚೆಲ್ಲಿದ ಕಟಗಿ ಉರಿಸಬ್ಯಾಡ್ರಿ. ಗೆದ್ದಲಿ ಮಾತು ಸುಳ್ಳು, ಔಷಧ ಇಲ್ಲಂದ ಮ್ಯಾಲ ನೆಲಕ್ಕ ಇಟ್ರ ಅದಕ್ಕೂ ಹತ್ತತದ, ಇಟ್ಟಂಗಿ ಮ್ಯಾಲ ಎತ್ತಿ ಇಡ್ರಿ.